ತಡವಾದ ರಾತ್ರಿಗೆ ಯಾವ ಅಡುಗೆ: ಸುಸಲಾ, ಝುಣಕ, ಖಿಚಡಿ

ತೊಗರಿ ಸುಗ್ಗಿ ಬಂತೆಂದರೆ ಕಲಬುರಗಿಯ ಗಂಜ್ ಪ್ರದೇಶದಲ್ಲಿ ಯಾರಿಗೂ ಹೊತ್ತಿಗೆ ಸರಿಯಾಗಿ ಊಟವಿಲ್ಲ. ಡಿಸೆಂಬರ್ ಕೊನೆಯಿಂದ ಮಾಲು ಬರತೊಡಗಿದರೆ ಫೆಬ್ರವರಿ ಮುಗಿಯುವ ತನಕ ಇದೇ ಪಾಡು. ನಾನು ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ. ಕೊನೆಯ ಲಾರಿಯ ತೂಕದ ಚೀಟಿ ಕೈಗೆ ಬಾರದೆ ಕುರ್ಚಿ ಬಿಟ್ಟು ಏಳುವಂತಿಲ್ಲ. ಮನೆ ಸೇರುವಾಗ ಎಂಟೂವರೆ ಆಗಿರುತ್ತದೆ. ಸೂಪರ್ ಮಾರ್ಕೆಟ್ ಪ್ರದೇಶದಲ್ಲಿ ಅಂಗಡಿ ಇಟ್ಟಿರುವ ಗಂಡ ಬರುವುದು ಒಂಬತ್ತಕ್ಕೆ. ಮನೆಯಲ್ಲಿ ಇಬ್ಬರು ಮಕ್ಕಳು, ಜೊತೆಗೆ ಹಲ್ಲಿಲ್ಲದ, ಆದರೆ ನಾಲಿಗೆಯ ರುಚಿ ಒಂದಿಷ್ಟೂ ಮಾಸದ ಅತ್ತೆ.

ಬಿಸಿ ರೊಟ್ಟಿ ಬಡಿದು, ಪಲ್ಯ, ಬೇಳೆ, ಅನ್ನ ಎಲ್ಲವನ್ನೂ ಮಾಡಲು ಒಂದೂವರೆ ತಾಸು ಬೇಕು. ಆ ಹೊತ್ತಿನಲ್ಲಿ ಅದು ಆಗದ ಮಾತು. ಹಾಗಾಗಿ ಸುಗ್ಗಿಯ ತಿಂಗಳುಗಳಲ್ಲಿ ಚುರುಮುರಿಯ ಸುಸಲಾ, ಕಡಕ್ ರೊಟ್ಟಿಯ ಜೊತೆ ಕಡಲೆ ಹಿಟ್ಟಿನ ಝುಣಕ, ಹುಣಸೆಯ ಖಟ್ಟಾದ ಜೊತೆ ಖಿಚಡಿ, ಹೊರಗಿನ ಪಾರ್ಸೆಲ್ ಎಲ್ಲವೂ ನಮ್ಮ ಮನೆಯಲ್ಲಿ ಸರದಿಯ ಮೇಲೆ ನಡೆದಿವೆ. ಉಪ್ಪಿಟ್ಟನ್ನು ಸ್ಪರ್ಧೆಗೇ ಸೇರಿಸಿಲ್ಲ. ಬೆಳಗ್ಗೆ ಮೌನವಾಗಿ ತಿನ್ನುವ ಮನೆಯವರೇ ರಾತ್ರಿ ಅದನ್ನು ಕಂಡರೆ ಯಾರಿಗೋ ಹುಷಾರಿಲ್ಲವೇ ಎಂದು ಕೇಳುತ್ತಾರೆ.

ಹತ್ತು ನಿಮಿಷದ ಅಡುಗೆ ಎನ್ನುವವರು ಈರುಳ್ಳಿ ಹೆಚ್ಚುವ, ಬೆಳ್ಳುಳ್ಳಿ ಸುಲಿಯುವ ಹೊತ್ತನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾನು ಅಳೆಯುವ ರೀತಿಯೇ ಬೇರೆ. ಅಡುಗೆ ಒಟ್ಟು ಎಷ್ಟು ಹೊತ್ತು ತೆಗೆದುಕೊಂಡಿತು ಎನ್ನುವುದಕ್ಕಿಂತ, ಅದರಲ್ಲಿ ನನ್ನನ್ನು ಎಷ್ಟು ಹೊತ್ತು ಒಲೆಯ ಮುಂದೆ ಕಟ್ಟಿಹಾಕಿತು ಎನ್ನುವುದು ಮುಖ್ಯ. ಮಕ್ಕಳು ಹನ್ನೊಂದು ಗಂಟೆಗೆ ಮತ್ತೆ ಡಬ್ಬಿ ತಡಕಾಡುತ್ತಾರೆಯೇ, ಅತ್ತೆ ಅಗಿಯಬಲ್ಲರೇ ಎಂಬುದು ಅದರ ನಂತರದ ಪ್ರಶ್ನೆ.

ವೇಗದಲ್ಲಿ ಸುಸಲಾವನ್ನು ಯಾವುದೂ ಮೀರಿಸುವುದಿಲ್ಲ. ಚುರುಮುರಿಯನ್ನು ನೀರಿನಲ್ಲಿ ಅದ್ದಿ, ನೆನೆಯುವ ಮೊದಲೇ ಎತ್ತಿ ಹಿಂಡಬೇಕು. ಸಾಸಿವೆ, ಕರಿಬೇವು, ಹಸಿಮೆಣಸಿನಕಾಯಿ, ಈರುಳ್ಳಿಯ ಒಗ್ಗರಣೆಗೆ ಅದನ್ನು ಹಾಕಿ, ಮೇಲೆ ಪುಟಾಣಿ (ಹುರಿಗಡಲೆ) ಪುಡಿ ಉದುರಿಸಿ ತಿರುವಿದರೆ ಮುಗಿಯಿತು. ಅತ್ತೆಗೂ ಮೆತ್ತಗಿರುತ್ತದೆ. ಬರುವ ದಾರಿಯಲ್ಲಿ ಗಾಡಿಯಿಂದ ಮಿರ್ಚಿ ಬಜ್ಜಿ ಕಟ್ಟಿಸಿಕೊಂಡು ಬಂದರೆ ಮಕ್ಕಳಿಗೆ ಅಂದು ಹಬ್ಬವೇ. ಆದರೆ ಇದು ಊಟವಲ್ಲ. ಗಾಳಿ ತುಂಬಿದ ಅಕ್ಕಿ ಎಷ್ಟು ಹೊತ್ತು ಹೊಟ್ಟೆಯಲ್ಲಿ ನಿಂತೀತು? ಹತ್ತೂವರೆಗೆ ಮಗ ಬ್ರೆಡ್ ಕೇಳುತ್ತಾನೆ, ಹನ್ನೊಂದಕ್ಕೆ ಗಂಡ ಬಾಳೆಹಣ್ಣು ಹುಡುಕುತ್ತಾರೆ. ಸಂಜೆ ಆರರ ಚಹಾದ ಜೊತೆಗೆ ಸುಸಲಾ ರಾಜ, ರಾತ್ರಿ ಒಂಬತ್ತಕ್ಕೆ ಬರೀ ಕಾಲಾಳು.

ಝುಣಕದ ಲೆಕ್ಕ ಬೇರೆ. ಇದು ಖಂಡಿತ ಊಟ. ಕಡಲೆ ಹಿಟ್ಟು ಹೊಟ್ಟೆಯಲ್ಲಿ ಬೆಳಗಿನವರೆಗೆ ಕೂರುತ್ತದೆ. ಜೊತೆಗೆ ಕಡಕ್ ರೊಟ್ಟಿ ಇದ್ದರೆ ಬಡಿಯುವ ಕೆಲಸವೂ ಇಲ್ಲ. ಒಣಗಿದ ರೊಟ್ಟಿ ಬಟ್ಟೆಯಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ಈಗಂತೂ ಸ್ವಸಹಾಯ ಸಂಘದ ಮಹಿಳೆಯರು ಬಡಿದ ಎಳ್ಳು ಹಚ್ಚಿದ ರೊಟ್ಟಿ ಪೊಟ್ಟಣದಲ್ಲೇ ಸಿಗುತ್ತದೆ. ಈ ಊರಿನ ದುಡಿಯುವ ಹೆಂಗಸರಿಗೆ ಮಿಕ್ಸರ್‌ಗಿಂತ ದೊಡ್ಡ ಉಪಕಾರ ಅದು ಎಂದು ನನ್ನ ಅಭಿಪ್ರಾಯ.

ಆದರೆ ಝುಣಕ ಒಲೆಯ ಮುಂದೆ ನಿಲ್ಲಿಸಿಕೊಳ್ಳುವ ಅಡುಗೆ. ಬೆಳ್ಳುಳ್ಳಿ, ಮೆಣಸಿನಕಾಯಿ, ಈರುಳ್ಳಿ ಬಾಡಿಸಿ, ನೀರು ಕುದಿಸಿ, ಒಂದು ಕೈಯಿಂದ ಹಿಟ್ಟು ಉದುರಿಸುತ್ತ ಇನ್ನೊಂದು ಕೈಯಿಂದ ತಿರುವುತ್ತಲೇ ಇರಬೇಕು. ಆ ಐದು ನಿಮಿಷದಲ್ಲಿ ಮೊಬೈಲ್ ಬಡಿದುಕೊಂಡರೂ, ಮಗಳು ಗಣಿತದ ಪುಸ್ತಕ ಹಿಡಿದು ಬಂದು ನಿಂತರೂ ತಲೆ ಎತ್ತುವಂತಿಲ್ಲ. ಎತ್ತಿದರೆ ಗಂಟು. ಗಂಟಿನ ಒಳಗೆ ಹಸಿ ಹಿಟ್ಟು ಉಳಿಯುತ್ತದೆ, ಅದನ್ನು ಮನೆಯಲ್ಲಿ ಮೊದಲು ಕಂಡುಹಿಡಿಯುವವರು ಯಾವಾಗಲೂ ಅತ್ತೆ. ಅವರಿಗಾಗಿ ಕಡಕ್ ರೊಟ್ಟಿಗೆ ನೀರು ಚಿಮುಕಿಸಿ ಒದ್ದೆ ಬಟ್ಟೆ ಮುಚ್ಚಿಡಬೇಕು, ಇಲ್ಲವೇ ಝುಣಕವನ್ನೇ ತೆಳ್ಳಗೆ ಮಾಡಿ ರೊಟ್ಟಿ ಮುರಿದು ನೆನೆಹಾಕಬೇಕು. ತೆಳ್ಳಗಾದರೆ ಗಂಡನಿಗೆ ಹಿಡಿಸುವುದಿಲ್ಲ. ಒಂದು ಪಾತ್ರೆಯ ಅಡುಗೆ ಎಂದು ಹೊರಟದ್ದು ಎರಡು ಪಾತ್ರೆಗೆ ಬಂದು ನಿಲ್ಲುತ್ತದೆ.

ಖಿಚಡಿ ಗಡಿಯಾರದ ಪ್ರಕಾರ ಇವೆರಡಕ್ಕಿಂತಲೂ ನಿಧಾನ. ಕುಕ್ಕರ್ ಇಟ್ಟಾಗಿನಿಂದ ತಟ್ಟೆಗೆ ಬೀಳುವವರೆಗೆ ಅರ್ಧ ತಾಸು ಹಿಡಿಯುತ್ತದೆ. ಆದರೆ ಅದರಲ್ಲಿ ನನ್ನದು ಹತ್ತು ನಿಮಿಷ ಮಾತ್ರ. ಉಳಿದದ್ದನ್ನು ಕುಕ್ಕರ್ ನೋಡಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ಮುಖ ತೊಳೆದು, ಮಗಳ ಗಣಿತ ನೋಡಿ, ಅತ್ತೆಯ ಮಾತ್ರೆ ಎತ್ತಿಟ್ಟಿರುತ್ತೇನೆ.

ತೊಗರಿಯ ಊರಿನವಳಾಗಿ, ತೊಗರಿಯ ಸಂಬಳ ತಿನ್ನುವವಳಾಗಿ ಹೇಳಬಾರದ ಮಾತೊಂದಿದೆ. ಈ ಖಿಚಡಿಗೆ ತೊಗರಿ ಬೇಳೆ ಬೇಡ. 2019ರಲ್ಲಿ ಭೌಗೋಳಿಕ ಗುರುತು ಪಡೆದ ನಮ್ಮ ಬೇಳೆಯ ರುಚಿಗೆ ನನ್ನ ತಕರಾರಿಲ್ಲ. ನೆನೆಸದ ತೊಗರಿ ಬೇಳೆ ಬೇಯುವಷ್ಟರಲ್ಲಿ ಅಕ್ಕಿ ಗಂಜಿಯಾಗಿರುತ್ತದೆ, ಅದೇ ತೊಡಕು. ಬೇಳೆ ಹಳೆಯ ದಾಸ್ತಾನಿನದಾಗಿದ್ದರೆ ಇನ್ನೂ ನಿಧಾನ. ಕೊಳವೆಬಾವಿಯ ನೀರು ಹಾಕಿದರಂತೂ ಕೇಳುವುದೇ ಬೇಡ. ಶಹಾಬಾದ್ ಕಲ್ಲು, ವಾಡಿ–ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳು ಎಲ್ಲವೂ ಸುಣ್ಣಕಲ್ಲಿನ ನೆಲದ ಕೊಡುಗೆ. ಅದೇ ಸುಣ್ಣದ ಅಂಶ ನೀರಿನಲ್ಲಿಯೂ ಇದ್ದರೆ ಬೇಳೆ ಬೇಗ ಮೆತ್ತಗಾಗುವುದಿಲ್ಲ. ಕುಡಿಯಲು ಶೋಧಿಸಿದ ನೀರನ್ನೇ ನಾನು ಬೇಳೆಗೂ ಹಾಕುತ್ತೇನೆ.

ಹಾಗಾಗಿ ಚನ್ನಂಗಿ ಬೇಳೆ, ಅಂದರೆ ಮಸೂರ್. ಸಿಪ್ಪೆ ತೆಗೆದ ಕೆಂಪು ಚನ್ನಂಗಿ ಅಕ್ಕಿಯ ಹೆಜ್ಜೆಗೆ ಹೆಜ್ಜೆ ಹಾಕಿ ಬೇಯುತ್ತದೆ. ಹೈದರಾಬಾದಿನ ಮನೆಗಳಲ್ಲಿ ಬೆಳಗಿನ ಖಿಚಡಿಗೆ ಅದನ್ನೇ ಹಾಕುತ್ತಾರೆ. ನಿಜಾಮರ ಆಳ್ವಿಕೆಯಲ್ಲಿ 1948ರವರೆಗೆ ಇದ್ದ ನಮ್ಮ ಊರಿನ ಅಡುಗೆಮನೆಗಳಿಗೂ ಖಿಚಡಿ–ಖಟ್ಟಾ ಹೊಸದಲ್ಲ. ಎರಡು ಲೋಟ ಅಕ್ಕಿಗೆ ಒಂದು ಲೋಟ ಬೇಳೆ. ಎಣ್ಣೆಯಲ್ಲಿ ಲವಂಗ, ಚಕ್ಕೆ, ಶಾಹಜೀರಿಗೆ, ಉದ್ದುದ್ದ ಹೆಚ್ಚಿದ ಈರುಳ್ಳಿ ಕೆಂಪಗಾದ ಮೇಲೆ ಶುಂಠಿ–ಬೆಳ್ಳುಳ್ಳಿ, ಅರಿಶಿನ, ಒಂದು ಹಿಡಿ ಪುದೀನ. ಹೈದರಾಬಾದಿನವರು ಅಗುಳು ಬಿಡಿಬಿಡಿಯಾಗಿರಬೇಕು ಎನ್ನುತ್ತಾರೆ, ನಾನು ಅತ್ತೆಯ ಸಲುವಾಗಿ ಆರು ಲೋಟ ನೀರು ಹಾಕಿ ಮೆತ್ತಗೆ ಮಾಡುತ್ತೇನೆ. ಮೂರು ಕೂಗು ಸಾಕು. ಟೊಮೆಟೊ ಹಾಕುವವರಿದ್ದಾರೆ. ಹುಳಿ ಬಿದ್ದರೆ ಬೇಳೆ ಬೇಯುವುದು ತಡವಾಗುತ್ತದೆ. ಅವಸರದ ರಾತ್ರಿಗೆ ಅದು ಬೇಡ.

ಹುಳಿಯೆಲ್ಲ ಖಟ್ಟಾಕ್ಕೆ ಇರಲಿ. ಖಟ್ಟಾ ಒಲೆಯನ್ನೇ ಕಾಣುವುದಿಲ್ಲ ಎನ್ನುವುದು ಅದರ ದೊಡ್ಡ ಗುಣ. ಬಿಸಿನೀರಿನಲ್ಲಿ ಹುಣಸೆ ಕಿವುಚಿ, ಹುರಿದ ಎಳ್ಳಿನ ಪುಡಿ, ಹಸಿ ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಬೆರೆಸಿದರೆ ಆಯಿತು. ಎಳ್ಳು ಪುಡಿ ಮಾಡಿಟ್ಟಿಲ್ಲದ ದಿನ ಶೇಂಗಾ ಹಿಂಡಿಯನ್ನೇ ಎರಡು ಚಮಚ ಹಾಕುತ್ತೇನೆ. ಹುರಿದ ಶೇಂಗಾ, ಬೆಳ್ಳುಳ್ಳಿ, ಖಾರ ಎಲ್ಲವೂ ಅದರಲ್ಲಿ ಆಗಲೇ ಇರುತ್ತವೆ. ಹೈದರಾಬಾದಿನವರು ಒಪ್ಪಲಿಕ್ಕಿಲ್ಲ, ನನ್ನ ಮನೆಯವರು ಒಪ್ಪಿದ್ದಾರೆ. ಈರುಳ್ಳಿ ಹೆಚ್ಚುವುದು ಮಗನ ಪಾಲು, ಹುಣಸೆ ಕಿವುಚುವುದು ಮಗಳದು. ಕುಕ್ಕರ್ ಕೂಗುವ ಹೊತ್ತಿಗೆ ಬಟ್ಟಲು ಸಿದ್ಧವಾಗಿರುತ್ತದೆ. ಒಂದು ಹಪ್ಪಳವನ್ನು ನೇರವಾಗಿ ಉರಿಯ ಮೇಲೆ ಸುಟ್ಟರೆ ಯಾರೂ ಪಲ್ಯ ಕೇಳುವುದಿಲ್ಲ.

ಪಾರ್ಸೆಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಐದು ಜನರ ಹೊಟ್ಟೆಗೆ ಐನೂರರ ನೋಟು ಸಾಲುವುದಿಲ್ಲ, ಅತ್ತೆ ಹೊರಗಿನ ಮಸಾಲೆ ಮುಟ್ಟುವುದಿಲ್ಲ, ನಮ್ಮ ಓಣಿ ಹುಡುಕಲಾಗದ ಹುಡುಗನಿಗೆ ಫೋನಿನಲ್ಲಿ ದಾರಿ ಹೇಳುವಷ್ಟರಲ್ಲಿ ಕುಕ್ಕರ್ ಮೂರು ಸಲ ಕೂಗಿರುತ್ತದೆ. ಊರಿನ ತಹರಿ ಎಂಬ ಮಸಾಲೆ ಅನ್ನ ಹೆಸರುವಾಸಿ ನಿಜ, ತಿನ್ನಬೇಕೆಂದರೆ ಅಲ್ಲಿಗೇ ಹೋಗಿ ಬಿಸಿಯಾಗಿ ತಿನ್ನಬೇಕು.

ನನ್ನ ಕ್ರಮ ಹೀಗೆ ನಿಂತಿದೆ. ಒಂಬತ್ತರೊಳಗೆ ಮನೆಗೆ ಬಂದರೆ ಖಿಚಡಿ–ಖಟ್ಟಾ. ಒಂಬತ್ತು ದಾಟಿ, ಮಕ್ಕಳು ಆಗಲೇ ಜಗಳಕ್ಕೆ ಇಳಿದಿದ್ದರೆ ಝುಣಕ, ಅದೂ ಬುಟ್ಟಿಯಲ್ಲಿ ರೊಟ್ಟಿ ಇದ್ದರೆ ಮಾತ್ರ. ರೊಟ್ಟಿ ಇಲ್ಲದೆ ಝುಣಕವನ್ನು ಅನ್ನಕ್ಕೆ ಕಲಸಿ ತಿನ್ನುವುದಕ್ಕಿಂತ ಖಿಚಡಿಗೆ ಅರ್ಧ ತಾಸು ಕಾಯುವುದೇ ಲೇಸು. ಸುಸಲಾವನ್ನು ನಾನು ಬಿಟ್ಟಿಲ್ಲ, ಅದನ್ನು ಸಂಜೆಗೆ ವರ್ಗಾಯಿಸಿದ್ದೇನೆ: ಮಗಳು ಈಗ ಆರಕ್ಕೇ ತಾನೇ ಮಾಡಿಕೊಂಡು ತಮ್ಮನಿಗೂ ಅಜ್ಜಿಗೂ ಕೊಡುತ್ತಾಳೆ, ಹಾಗಾಗಿ ರಾತ್ರಿಯ ಊಟ ಅರ್ಧ ತಾಸು ತಡವಾದರೂ ಯಾರೂ ಬಾಗಿಲಲ್ಲಿ ನಿಂತು ನನ್ನನ್ನು ಕಾಯುವುದಿಲ್ಲ.

ಇದೆಲ್ಲ ಸುಗ್ಗಿಯ ತಿಂಗಳುಗಳ ಮಾತು. ಬಿಸಿಲು ನಲವತ್ತು ಡಿಗ್ರಿ ದಾಟುವ ಏಪ್ರಿಲ್–ಮೇ ತಿಂಗಳುಗಳಲ್ಲಿ ಕುಕ್ಕರ್ ಇರಲಿ, ದೀಪದ ಕಡ್ಡಿ ಗೀರುವುದಕ್ಕೂ ಮನಸ್ಸಾಗುವುದಿಲ್ಲ. ಆಗ ನೆನೆಸಿದ ರೊಟ್ಟಿ, ಮೊಸರು, ಶೇಂಗಾ ಹಿಂಡಿ, ಹಸಿ ಈರುಳ್ಳಿಯ ಮುಂದೆ ಈ ಮೂರೂ ಸೋಲುತ್ತವೆ.