ಯಾವುದು ಪಾಪ, ಹೇಗೆ ಬದುಕಬೇಕು ಅನ್ನುವ ಕ್ಯಾಥೊಲಿಕ್ ನೀತಿಶಾಸ್ತ್ರಕ್ಕೆ ಲಿಗೋರಿ ಓದುವುದಾ, ಹೇರಿಂಗ್ ಓದುವುದಾ?
ಇಬ್ಬರೂ ರಿಡೆಂಪ್ಟರಿಸ್ಟ್ ಎಂಬ ಕ್ಯಾಥೊಲಿಕ್ ಗುರುಗಳ ಸಭೆಯವರೇ, ಆದರೆ ಪುಸ್ತಕಗಳಿಗೆ ಅಜಗಜಾಂತರ. ಅಲ್ಫೋನ್ಸಸ್ ಲಿಗೋರಿ ನೇಪಲ್ಸ್‌ನಲ್ಲಿ ಮೊದಲು ವಕೀಲರಾಗಿದ್ದವರು, ಅದು ಪುಟಪುಟದಲ್ಲೂ ಕಾಣುತ್ತದೆ. ಅವರ 'ಥಿಯೊಲೊಜಿಯಾ ಮೊರಾಲಿಸ್' (ನೈತಿಕ ದೇವತಾಶಾಸ್ತ್ರ) 1748ರಲ್ಲಿ ಬಂದಾಗ ಬೂಸೆನ್‌ಬೌಮ್ ಎಂಬ ಜೆಸ್ವಿಟ್ ಗುರುವಿನ ಕೈಪಿಡಿಗೆ ಬರೆದ ಟಿಪ್ಪಣಿ ಅಷ್ಟೇ, ಆಮೇಲೆ ಬೆಳೆದು ಬೆಳೆದು ಸಂಪುಟಗಳಾದವು. ಕಳ್ಳತನದ ಭಾಗ ತೆಗೆದು ನೋಡಿ. ಎಷ್ಟು ಕದ್ದರೆ ಘೋರ ಪಾಪ? ಅದು ಯಾರಿಂದ ಕದ್ದರು ಅನ್ನುವುದರ ಮೇಲೆ ಹೋಗುತ್ತದೆ: ಭಿಕ್ಷುಕನ ಲೆಕ್ಕ ಬೇರೆ, ಸಾಹುಕಾರನ ಲೆಕ್ಕ ಬೇರೆ. ಅವರು ಹೀಗಂದರು, ಇವರು ಹಾಗಂದರು ಅಂತ ಹಿಂದಿನ ಪಂಡಿತರೆಲ್ಲರ ವಾದ ಕೇಳಿಸಿ, ಕೊನೆಗೆ ತಮ್ಮ ತೀರ್ಪು. ಪಾಪನಿವೇದನೆ ಕೇಳುವ ಗುರುಗಳಿಗೆ ಬರೆದದ್ದು ಅಲ್ವಾ, ಹಾಗಾಗಿ ಸುಮ್ನೆ ಮೊದಲಿಂದ ಓದುತ್ತಾ ಹೋದರೆ ಸುಸ್ತಾಗುತ್ತದೆ.

ಬರ್ನಾರ್ಡ್ ಹೇರಿಂಗ್ ಅವರ 'ಕ್ರಿಸ್ತನ ಕಟ್ಟಳೆ' 1954ರಲ್ಲಿ ಜರ್ಮನ್‌ನಲ್ಲಿ ಬಂತು. ಇಲ್ಲಿ ಲೆಕ್ಕಾಚಾರ ಕಡಿಮೆ. ದೇವರು ಕರೆಯುತ್ತಾನೆ, ಮನುಷ್ಯ ಓಗೊಡುತ್ತಾನೆ, ಅಲ್ಲಿಂದಲೇ ಶುರು. ಬೈಬಲ್ ಜಾಸ್ತಿ. ಇಂಗ್ಲಿಷ್‌ನಲ್ಲಿ 3 ಸಂಪುಟಗಳಿವೆ.

ಲ್ಯಾಟಿನ್ ಬರುತ್ತದಾ? ಹಾಗಿದ್ದರೆ ಲಿಯೊನಾರ್ಡ್ ಗೋಡೆ (Gaudé) ಎಂಬವರು ಸಂಪಾದಿಸಿದ, ರೋಮ್‌ನಲ್ಲಿ 1905ರಿಂದ 1912ರವರೆಗೆ ಅಚ್ಚಾದ ಲಿಗೋರಿಯ 4 ಸಂಪುಟಗಳನ್ನೇ ಹಿಡಿಯಿರಿ. ಬರದಿದ್ದರೆ ಹೇರಿಂಗ್ ಸಾಕು. ನನಗಂತೂ ಲಿಗೋರಿಯ ಜಗಳಗಳೇ ಇಷ್ಟ.