ಮನೆಯಲ್ಲೇ ಸೈಕಲ್ಲಿಗೆ ಸ್ಪ್ರೇ ಬಣ್ಣ: ಮೂರು ಮಳೆಗಾಲ ಕಳೆದ ಮೇಲೆ

ಅಪ್ಪನ ಅಟ್ಲಾಸ್ ಸೈಕಲ್ಲಿಗೆ ನಾನು ಸ್ಪ್ರೇ ಡಬ್ಬಿಯಲ್ಲಿ ಬಣ್ಣ ಹೊಡೆದದ್ದು 2023ರ ಜನವರಿಯಲ್ಲಿ. ಆಮೇಲೆ ಮುಂಬೈ ಹತ್ತಿರದ ಡೊಂಬಿವಲಿಯ ಮೂರು ಮಳೆಗಾಲಗಳನ್ನು ಅದು ಕಂಡಿದೆ. ಹೊಡೆದ ವಾರದಲ್ಲಿ ಎಂಥ ಬಣ್ಣವೂ ಚಂದವೇ ಕಾಣುತ್ತದೆ. ಅದಕ್ಕೇ ಇಷ್ಟು ಕಾಲ ಕಾದು ಈಗ ಬರೆಯುತ್ತಿದ್ದೇನೆ.

ಮನೆಯಿಂದ ಸ್ಟೇಷನ್ನಿಗೆ ಅಪ್ಪ ಇಪ್ಪತ್ತು ವರ್ಷಕ್ಕೂ ಜಾಸ್ತಿ ಓಡಿಸಿದ ಸೈಕಲ್ ಇದು. ಆಮೇಲೆ ಮೆಟ್ಟಿಲ ಕೆಳಗೆ ನಿಂತಿತ್ತು. ಅಟ್ಲಾಸ್‌ನವರ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನವೇ, ನಿಂತುಹೋಯಿತು. ಆ ಸುದ್ದಿ ನೋಡಿ ಅಪ್ಪ ಕೆಳಗೆ ಹೋಗಿ ಒಂದು ಬಟ್ಟೆ ತಗೊಂಡು ಸೈಕಲ್ ಒರೆಸಿ ಬಂದರು. ಏನೂ ಮಾತಾಡಲಿಲ್ಲ. ಇದನ್ನು ಸರಿಮಾಡಲೇಬೇಕು ಅಂತ ನನಗೆ ಅನ್ನಿಸಿದ್ದು ಅವತ್ತು.

ಪೌಡರ್ ಕೋಟಿಂಗ್, ಅಂದರೆ ಪುಡಿ ಬಣ್ಣ ಹಚ್ಚಿ ಬೇಯಿಸುವುದು, ಮಾಡಿಸಬಹುದಿತ್ತು. ಗಟ್ಟಿತನದಲ್ಲಿ ಅದನ್ನು ಡಬ್ಬಿ ಬಣ್ಣ ಮುಟ್ಟುವುದಿಲ್ಲ, ಇದು ನಿಜ. ಆದರೆ ಅದನ್ನು 200 ಡಿಗ್ರಿ ಸೆಲ್ಸಿಯಸ್ ಹತ್ತಿರದ ಒಲೆಯಲ್ಲಿ ಬೇಯಿಸುತ್ತಾರೆ, ಅದಕ್ಕೂ ಮೊದಲು ಮರಳು ಹೊಡೆದು ಹಳೆಯದನ್ನೆಲ್ಲ ಕಿತ್ತುಹಾಕುತ್ತಾರೆ. ಹ್ಯಾಂಡಲ್ ಕೆಳಗಿನ ಬ್ಯಾಡ್ಜ್ ಬಿಚ್ಚಬೇಕಾಗುತ್ತಿತ್ತು. ಅದಕ್ಕೆ ಅಪ್ಪ ಒಪ್ಪಲಿಲ್ಲ. ನಾನು ಅದರ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ, ಅಂಚನ್ನು ಬ್ಲೇಡಿನಿಂದ ಕತ್ತರಿಸಿ, ಇದ್ದ ಜಾಗದಲ್ಲೇ ಉಳಿಸಿಕೊಂಡೆ.

ಸೈಕಲ್ ಬಿಚ್ಚಿಕೊಟ್ಟದ್ದು ನಮ್ಮ ಗಲ್ಲಿಯ ರಿಪೇರಿ ಅಂಗಡಿಯ ಕಾಕಾ, ವಿಜಯಪುರದ ಕಡೆಯವರು. "ಬಿಚ್ಚೂದು ದೊಡ್ಡ ಕೆಲಸ ಅಲ್ರೀ. ಮೊದಲ ಎಣ್ಣಿ ಜಿಡ್ಡು ಹೋಗಬೇಕು. ಜಿಡ್ಡಿನ ಮ್ಯಾಲ ಬಣ್ಣ ನಿಂದ್ರಂಗಿಲ್ಲ" ಅಂದರು. ಮೂರು ವರ್ಷದಲ್ಲಿ ನನಗೆ ಸಿಕ್ಕ ಸಲಹೆಗಳಲ್ಲಿ ಇದಕ್ಕಿಂತ ಉಪಯೋಗದ್ದು ಇನ್ನೊಂದಿಲ್ಲ.

ಒಟ್ಟು ಏಳು ಡಬ್ಬಿ ಹಿಡಿಯಿತು, ಒಂದೊಂದೂ 400 ಮಿಲಿಲೀಟರಿನದು. ತಳಕ್ಕೆ ಹೊಡೆಯುವ ಪ್ರೈಮರ್ ಎರಡು, ಕಡು ಹಸಿರು ಮೂರು, ಮೇಲಿನ ಪಾರದರ್ಶಕ ಲ್ಯಾಕರ್ ಎರಡು. ಫ್ರೇಮ್, ಫೋರ್ಕ್, ಎರಡು ಮಡ್‌ಗಾರ್ಡ್, ಚೈನ್ ಕವರ್ ಇಷ್ಟಕ್ಕೆ. ಕಾಗದ, ಟೇಪ್, ಮಾಸ್ಕ್ ಎಲ್ಲ ಸೇರಿ ₹3,000 ಹತ್ತಿರ ಖರ್ಚಾಯಿತು. ಮಸ್ಜಿದ್ ಬಂದರಿನ ನಾಗದೇವಿ ಸ್ಟ್ರೀಟಿನಲ್ಲಿ ಬಣ್ಣಗಳ ಆಯ್ಕೆ ಜಾಸ್ತಿ. ಆದರೆ ಡಬ್ಬಿಯೊಳಗೆ ಒತ್ತಡದಲ್ಲಿ ಇರುವುದು ಉರಿಯುವ ಗ್ಯಾಸ್. ಇಂಥದ್ದನ್ನು ಲೋಕಲ್ ರೈಲಿನಲ್ಲಿ ತರುವಂತಿಲ್ಲ, ತರಲೂಬಾರದು. ಹಾಗಾಗಿ ಮನೆ ಹತ್ತಿರದ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಕ್ಕ ಹಸಿರನ್ನೇ ತಗೊಂಡೆ.

ಬಣ್ಣ ಹೊಡೆಯುವುದು ಅರ್ಧ ದಿನದ ಕೆಲಸ. ಉಜ್ಜುವುದಕ್ಕೆ ನಾಲ್ಕು ದಿನ ಬೇಕಾಯಿತು. ತುಕ್ಕು ಹಿಡಿದಲ್ಲಿ 120 ನಂಬರಿನ ಪಾಲಿಶ್ ಕಾಗದ, ಉಳಿದ ಕಡೆ 240, ಪ್ರೈಮರ್ ಒಣಗಿದ ಮೇಲೆ 600ರಲ್ಲಿ ನೀರು ಹಾಕಿ ಮೆಲ್ಲಗೆ. ಬೆರಳು ಸವರಿದರೆ ಹಳೆ ಬಣ್ಣ ಮುಗಿದು ಲೋಹ ಶುರುವಾಗುವ ಮೆಟ್ಟಿಲು ಗೊತ್ತಾಗಬಾರದು. ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ಸಿಕ್ಕರೆ ಬಣ್ಣ ಹೊಡೆದ ಮೇಲೆ ಕಾಣಿಸಿಯೇ ಕಾಣಿಸುತ್ತದೆ. ಪೆಡಲಿನ ಅಚ್ಚು ಕೂರುವ ಕೊಳವೆಯಲ್ಲಿ ಮರೆ (ತಿರುಪಿನ ಥ್ರೆಡ್) ಇರುತ್ತದಲ್ವಾ, ಅದರೊಳಗೆ ಬಟ್ಟೆ ತುರುಕಿ. ಮರೆಗೆ ಬಣ್ಣ ಹೋದರೆ ಬೇರಿಂಗಿನ ಕಪ್ ಒಳಗೆ ತಿರುಗುವುದಿಲ್ಲ.

ಹೊಡೆಯುವಾಗ ಒಂದು ಗೇಣಿನಷ್ಟು ದೂರ ಇರಲಿ, ಸುಮಾರು 20 ಸೆಂಟಿಮೀಟರ್. ಕೈ ನಿಲ್ಲಬಾರದು. ಪದರ ನೀರುದೋಸೆಯ ಹಾಗೆ ತೆಳ್ಳಗಿರಬೇಕು, ಆಚೆಕಡೆಯದ್ದು ಕಾಣುವಷ್ಟು. ಮೊದಲ ಸಲ ಹೊಡೆದಾಗ ಕೆಳಗಿನ ಪ್ರೈಮರ್ ಇಣುಕುತ್ತದೆ, ಇಣುಕಲಿ. ಹದಿನೈದು ನಿಮಿಷ ಬಿಟ್ಟು ಇನ್ನೊಂದು, ಮತ್ತೆ ಇನ್ನೊಂದು. ನಾನು ನಾಲ್ಕು ಪದರ ಕೊಟ್ಟೆ. ಹಿಂದಿನ ಮಡ್‌ಗಾರ್ಡಿನಲ್ಲಿ ಅವಸರ ಮಾಡಿದ್ದಕ್ಕೆ ಒಂದು ಕಡೆ ಬಣ್ಣ ಇಳಿಯಿತು. ಆ ಹನಿ ಈಗಲೂ ಅಲ್ಲೇ ಇದೆ.

ಮಳೆಗಾಲದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಮುಂಬೈ ಕಡೆಯವರಿಗೆ ಮುಖ್ಯವಾದದ್ದು ಇದೇ. ಕ್ಯಾರಿಯರ್ ಮಾತ್ರ ಬಾಕಿ ಇತ್ತು. ಅದಕ್ಕೆ ಆಗಸ್ಟಿನಲ್ಲಿ, ಮಳೆ ಬಿಟ್ಟ ಒಂದು ಬೆಳಿಗ್ಗೆ, ಬಣ್ಣ ಹೊಡೆದೆ. ಹತ್ತು ನಿಮಿಷದಲ್ಲಿ ಹಸಿರಿನ ಮೇಲೆ ಬೂದುಗುಂಬಳಕಾಯಿಯ ಬೂದಿಯಂತೆ ಬಿಳಿ ಕೂತಿತು. ಒರೆಸಿದರೂ ಹೋಗಲಿಲ್ಲ. ಬಣ್ಣದಲ್ಲಿರುವ ತಿನ್ನರ್ ಬೇಗ ಆರುವಾಗ ಲೋಹ ತಣ್ಣಗಾಗುತ್ತದೆ. ಗಾಳಿಯಲ್ಲಿ ತೇವ ತುಂಬಿದ್ದರೆ ಅದು ಆ ತಂಪಿಗೆ ನೀರಾಗಿ ಹಸಿ ಬಣ್ಣದೊಳಗೇ ಸಿಕ್ಕಿಕೊಳ್ಳುತ್ತದೆ. ಇದರಲ್ಲಿ ಡಬ್ಬಿಯ ತಪ್ಪು ಏನೂ ಇಲ್ಲ. ಎಲ್ಲ ಉಜ್ಜಿ ತೆಗೆದು ಡಿಸೆಂಬರಿನಲ್ಲಿ ಅದೇ ಡಬ್ಬಿಯಿಂದ ಮತ್ತೆ ಹೊಡೆದೆ, ಕನ್ನಡಿಯ ಹಾಗೆ ಬಂತು. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಡಬ್ಬಿ ಮುಟ್ಟಬೇಡಿ. ಚಳಿಗಾಲದಲ್ಲೂ ಮುಂಜಾನೆ ಬೇಡ, ಬಿಸಿಲು ಬಂದು ಹತ್ತು ಗಂಟೆ ಆಗಲಿ.

ಇನ್ನು ಮೂರು ವರ್ಷದ ಲೆಕ್ಕ. ಫ್ರೇಮಿನ ಮುಖ್ಯ ಕೊಳವೆಗಳು, ಮಡ್‌ಗಾರ್ಡ್‌ಗಳು ಚೆನ್ನಾಗಿಯೇ ಇವೆ, ಎಲ್ಲೂ ಉಬ್ಬಿಲ್ಲ. ಫೋರ್ಕಿನಲ್ಲಿ ಬ್ರೇಕಿನ ಪಟ್ಟಿ ಬಿಗಿಯುವ ಜಾಗದಲ್ಲಿ ಬಣ್ಣ ಎದ್ದಿದೆ. ಅದಕ್ಕೆ ಕಾರಣ ನನಗೆ ಗೊತ್ತು: ಮೂರನೇ ದಿನವೇ ಜೋಡಿಸಿಬಿಟ್ಟೆ. ಮುಟ್ಟಿದರೆ ಅಂಟುವುದಿಲ್ಲ ಅನ್ನುವುದು ಬೇರೆ, ಒಳಗೆ ಗಟ್ಟಿಯಾಗುವುದು ಬೇರೆ. ಕನಿಷ್ಠ ಒಂದು ವಾರ, ಸಾಧ್ಯವಾದರೆ ಎರಡು ವಾರ ಬಿಡಿ. ಚೈನ್ ಕವರಿನಲ್ಲಿ ಪ್ಯಾಂಟು ಉಜ್ಜುವ ಕಡೆ ಲ್ಯಾಕರ್ ಸವೆದು ಮಂಕಾಗಿದೆ. ಹ್ಯಾಂಡಲ್ ಮೇಲೆ ಹೊಡೆದದ್ದು ಪೂರ್ತಿ ವ್ಯರ್ಥ. ಅದು ಕ್ರೋಮ್, ನುಣುಪಾದ ಕ್ರೋಮಿನ ಮೇಲೆ ಬಣ್ಣಕ್ಕೆ ಹಿಡಿತವೇ ಸಿಗುವುದಿಲ್ಲ. ಎರಡು ತಿಂಗಳಲ್ಲಿ ಮೀನಿನ ಹುರುಪೆಯ ಹಾಗೆ ಎದ್ದು ಬಂತು. ಕ್ರೋಮ್ ಇದ್ದಲ್ಲಿ ಉಜ್ಜಿ ಹೊಳಪಿಸಿ, ಬಣ್ಣ ಬೇಡ. ಅಲ್ಯೂಮಿನಿಯಂ ಫ್ರೇಮ್ ಆದರೆ ಸಾಮಾನ್ಯ ಪ್ರೈಮರ್ ಸಾಲದು, ಎಚ್ (etch) ಪ್ರೈಮರ್, ಅಂದರೆ ಲೋಹವನ್ನು ಸ್ವಲ್ಪ ಕೊರೆದು ಹಿಡಿಯುವಂಥದ್ದು, ಕೇಳಿ.

ಇನ್ನೊಂದು ಎಚ್ಚರ. ಈ ಬಣ್ಣ ಎಷ್ಟು ಹಳೆಯದಾದರೂ ತಿನ್ನರ್‌ಗೆ ಕರಗುತ್ತದೆ. ಗ್ರೀಸ್ ಕಲೆ ತೆಗೆಯಲು ಒಮ್ಮೆ ತಿನ್ನರ್ ಬಟ್ಟೆ ಸವರಿದೆ. ಬಟ್ಟೆ ಹಸಿರಾಯಿತು. ಈಗ ಸಾಬೂನು ನೀರಷ್ಟೇ. ಪೆಟ್ರೋಲಿಗೂ ಕರಗದ ಎರಡು ಭಾಗದ (ಗಟ್ಟಿಮಾಡುವ ಹಾರ್ಡನರ್ ಬೆರೆಸುವ) ಲ್ಯಾಕರ್ ಡಬ್ಬಿಯಲ್ಲೂ ಸಿಗುತ್ತದೆ. ಅದರ ಹಾರ್ಡನರ್‌ನಲ್ಲಿ ಐಸೊಸಯನೇಟ್ ಇರುತ್ತದೆ, ಶ್ವಾಸಕೋಶಕ್ಕೆ ಬಹಳ ಕೆಟ್ಟದ್ದು. ನಮ್ಮ ಟೆರೇಸಿನಲ್ಲಿ ಮಕ್ಕಳು ಆಡುತ್ತಾರೆ, ಅದನ್ನು ನಾನು ತರಲಿಲ್ಲ. ಸಾಮಾನ್ಯ ಬಣ್ಣಕ್ಕೂ ಎನ್95 ಸಾಕಾಗುವುದಿಲ್ಲ. ಅದು ಕಣವನ್ನು ತಡೆಯುತ್ತದೆ, ತಿನ್ನರಿನ ಆವಿಯನ್ನಲ್ಲ. ಇದ್ದಿಲು ತುಂಬಿದ ಕಾರ್ಟ್ರಿಜ್ ಮಾಸ್ಕ್‌ಗೆ ದುಡ್ಡು ಹಾಕಿ. ಡಬ್ಬಿಯನ್ನು ಬಿಸಿಲಲ್ಲಿ ಬಿಡಬೇಡಿ, ಗ್ಯಾಸ್ ಒಲೆಯ ಹತ್ತಿರವೂ ಇಡಬೇಡಿ.

ದೂರು ಅಂತ ಇದ್ದರೆ ಒಂದೇ. ಒಂದು ಕಂಪನಿಯ ಲ್ಯಾಕರ್ ಡಬ್ಬಿ ಅರ್ಧ ಆಗುವಷ್ಟರಲ್ಲಿ ಹನಿಹನಿಯಾಗಿ ಉಗುಳತೊಡಗಿತು. ನಳಿಕೆ ಬದಲಿಸಿದರೂ ಅಷ್ಟೇ. ಆಮೇಲಿಂದ ಯಾವ ಡಬ್ಬಿಯಾದರೂ ಮೊದಲು ರದ್ದಿ ಪೇಪರಿನ ಮೇಲೆ ಹೊಡೆದು ನೋಡುತ್ತೇನೆ.

ಚೈನ್ ಕವರಿಗೆ ಈ ಜನವರಿಯಲ್ಲಿ ಮತ್ತೊಂದು ಪದರ ಕೊಡಬೇಕು. ಅಪ್ಪ ಅದರ ಮೇಲೆ ಮೊದಲಿದ್ದ ಹಾಗೆ ಚಿನ್ನದ ಬಣ್ಣದ ಗೆರೆ ಎಳೆಯಲು ಕೇಳಿದ್ದಾರೆ. ಹಸಿರು ಡಬ್ಬಿಯಲ್ಲಿ ಇನ್ನೂ ಸ್ವಲ್ಪ ಉಳಿದಿದೆ. ಪ್ರತಿ ಸಲ ಕೆಲಸ ಮುಗಿದ ಮೇಲೆ ಡಬ್ಬಿ ತಲೆಕೆಳಗೆ ಹಿಡಿದು, ಬರೀ ಗ್ಯಾಸ್ ಬರುವ ತನಕ ಒತ್ತಿ ನಳಿಕೆ ಖಾಲಿ ಮಾಡಿ ಇಟ್ಟಿದ್ದೆ. ಮೊನ್ನೆ ಪೇಪರಿನ ಮೇಲೆ ಹೊಡೆದು ನೋಡಿದೆ, ಸಲೀಸಾಗಿ ಬಂತು.