ಕೇಳುವ ಕೆಲಸವನ್ನು ಕಿವಿಗೇ ಬಿಡುವ ತಂತ್ರಾಂಶ: ಗಿಟಾರ್ ಕಲಿಯುವವರಿಗೆ ‘ಟ್ರಾನ್ಸ್‌ಕ್ರೈಬ್!’

ಯಾವ ತಂತಿಯನ್ನು ಎಲ್ಲಿ ಒತ್ತಬೇಕೆಂದು ಬರೆದಿಟ್ಟ ಟ್ಯಾಬ್ ಪುಸ್ತಕದ ನೆರವಿಲ್ಲದೆ, ಧ್ವನಿಮುದ್ರಣವನ್ನೇ ಕೇಳಿ ಕೇಳಿ ಗಿಟಾರ್ ಕಲಿಯಬೇಕೆಂದು ಹಟ ಹಿಡಿದವರಿಗೆ ಸೆವೆಂತ್ ಸ್ಟ್ರಿಂಗ್ ಸಂಸ್ಥೆಯ ‘ಟ್ರಾನ್ಸ್‌ಕ್ರೈಬ್!’ ತಂತ್ರಾಂಶಕ್ಕಿಂತ ಉಪಯುಕ್ತವಾದ ಸಾಧನವನ್ನು ನಾನು ಬಳಸಿಲ್ಲ. ಇದು ಹಾಡನ್ನು ತಾನಾಗಿ ಸ್ವರಲಿಪಿಗೆ ಇಳಿಸಿಕೊಡುವುದಿಲ್ಲ. ಶ್ರುತಿ ಕದಲದಂತೆ ವೇಗವನ್ನು ತಗ್ಗಿಸುತ್ತದೆ, ಬೇಕಾದ ತುಣುಕನ್ನು ಸಾಕೆನಿಸುವವರೆಗೆ ಮತ್ತೆ ಮತ್ತೆ ಕೇಳಿಸುತ್ತದೆ, ಪರದೆಯ ಕೆಳಭಾಗದಲ್ಲಿ ಪಿಯಾನೊ ಮನೆಗಳನ್ನು ಬರೆದು ಆ ಕ್ಷಣದ ನಾದ ಯಾವ ಯಾವ ಸ್ವರಸ್ಥಾನಗಳಲ್ಲಿ ಎಷ್ಟೆಷ್ಟು ತುಂಬಿದೆ ಎಂಬುದನ್ನು ಗೆರೆಯಾಗಿ ತೋರಿಸುತ್ತದೆ. ಉಳಿದದ್ದೆಲ್ಲ ಕೇಳುವವರ ಕೆಲಸ, ಮತ್ತು ಅದನ್ನು ಕೇಳುವವರಿಗೇ ಬಿಟ್ಟಿರುವುದು ಇದರ ದೊಡ್ಡ ಗುಣವೆಂದು ನಾನು ಭಾವಿಸುತ್ತೇನೆ.

ಕೇಳಿ ಕಲಿಯುವ ಪದ್ಧತಿ ಗಿಟಾರಿಗೆ ಹೊಸದಲ್ಲ. ಅಮೆರಿಕದ ಇಂಡಿಯಾನಾಪೊಲಿಸ್ ನಗರದ ವೆಸ್ ಮಾಂಟ್ಗೊಮೆರಿ (1923–1968) ಸ್ವರಲಿಪಿ ಓದಲು ಬಾರದಿದ್ದರೂ ಗಿಟಾರ್ ವಾದಕ ಚಾರ್ಲಿ ಕ್ರಿಶ್ಚಿಯನ್ ಅವರ ಗ್ರಾಮಫೋನ್ ತಟ್ಟೆಗಳನ್ನು ಕೇಳಿಯೇ ಕಲಿತು ಜಾಝ್ ಗಿಟಾರಿನ ದೊಡ್ಡ ಹೆಸರಾದರು. ಆ ಕಾಲದ ನಂತರ ಬಂದ ಕಲಿಕೆಗಾರರು ನಿಮಿಷಕ್ಕೆ 33⅓ ಸುತ್ತು ತಿರುಗಬೇಕಾದ ಎಲ್‌ಪಿಯನ್ನು 16⅔ ಸುತ್ತಿಗೆ ಇಳಿಸಿ ಕೇಳುವ ಉಪಾಯವನ್ನು ಬಳಸುತ್ತಿದ್ದರು. ಆಗ ವೇಗ ಅರ್ಧವಾಗುವುದರ ಜೊತೆಗೆ ಸ್ವರಗಳೆಲ್ಲ ಸರಿಯಾಗಿ ಒಂದು ಸ್ಥಾಯಿ ಕೆಳಗಿಳಿಯುತ್ತಿದ್ದವು, ಗಿಟಾರಿನ ದಪ್ಪ ತಂತಿಗಳ ನುಡಿ ಬರಿಯ ಗೊಣಗಾಟದಂತೆ ಕೇಳುತ್ತಿತ್ತು. ಈ ತೊಡಕನ್ನು ಇಂದಿನ ತಂತ್ರಾಂಶ ಪೂರ್ತಿಯಾಗಿ ನಿವಾರಿಸಿದೆ. ವೇಗವನ್ನು ಮುಟ್ಟದೆ ಶ್ರುತಿಯನ್ನು ಮಾತ್ರ ಬದಲಿಸಲೂ ಸಾಧ್ಯವಿದೆ. ಹಳೆಯ ಧ್ವನಿಮುದ್ರಣಗಳು ಟೇಪಿನ ವೇಗ ಹೆಚ್ಚುಕಡಿಮೆಯಾಗಿ ನಮ್ಮ ಟ್ಯೂನರಿನ 440 ಹರ್ಟ್ಸ್ ಅಳತೆಗೆ ಕೂಡದೆ ಎರಡು ಸ್ವರಸ್ಥಾನಗಳ ನಡುವೆ ನಿಂತಿರುವುದುಂಟು. ಅಂಥ ಹಾಡಿಗೆ ಹೊಂದಿಸಲು ಗಿಟಾರಿನ ಆರು ತಂತಿಗಳನ್ನೂ ಮತ್ತೆ ಬಿಗಿಯುವ ಬದಲು, ಹಾಡನ್ನೇ, ಅಕ್ಕಪಕ್ಕದ ಎರಡು ಸ್ವರಸ್ಥಾನಗಳ ಅಂತರದ ನೂರನೇ ಒಂದು ಭಾಗವಾದ ಸೆಂಟ್ ಎಂಬ ಅಳತೆಯಲ್ಲಿ, ಕೆಲವು ಸೆಂಟ್‌ಗಳಷ್ಟು ಸರಿಸಿ ನಮ್ಮ ಶ್ರುತಿಗೆ ತಂದುಕೊಳ್ಳಬಹುದು.

ವೇಗವನ್ನು ಎಷ್ಟು ತಗ್ಗಿಸಬೇಕೆಂಬುದರ ಬಗ್ಗೆ ಒಂದು ಮಾತು. ಶೇಕಡಾ 70ರ ಆಸುಪಾಸಿನಲ್ಲಿ ನುಡಿಸಿದವರ ಉಸಿರು, ಲಯದ ಒನಪು ಎರಡೂ ಉಳಿಯುತ್ತವೆ. ಅರ್ಧಕ್ಕಿಂತ ಕೆಳಗೆ ಇಳಿದಾಗ ಪ್ರತಿ ಮೀಟಿನ ಮೊನೆ ಸವೆದು ಸ್ವರಗಳು ಒಂದರೊಳಗೊಂದು ಸೇರಿಕೊಳ್ಳುತ್ತವೆ. ಬಹಳ ಬಿರುಸಾದ ತುಣುಕಿನಲ್ಲಿ ಸ್ವರಗಳ ಅನುಕ್ರಮ ತಿಳಿಯಲು ಅಷ್ಟು ಕೆಳಗೆ ಹೋಗಬೇಕಾಗುತ್ತದೆ, ಆದರೆ ಅಲ್ಲಿ ತಂಗಬಾರದು.

ನಾನು ಈ ತಂತ್ರಾಂಶವನ್ನು ಇಷ್ಟು ಮೆಚ್ಚಲು ಕಾರಣ ಇನ್ನೂ ಆಳದಲ್ಲಿದೆ. ಒಂದು ಹಾಡಿನ ಯಾವುದೋ ಒಂದು ತಿರುವಿನಲ್ಲಿ ಎದೆ ಬಿಗಿಯುತ್ತದೆ, ಕಣ್ಣು ತುಂಬುತ್ತದೆ. ಪೂರ್ಣ ವೇಗದಲ್ಲಿ ಕೇಳುವಾಗ ಹಾಗಾಯಿತು ಎಂಬುದಷ್ಟೇ ನಮಗೆ ಗೊತ್ತಾಗುತ್ತದೆ. ಆ ಎರಡು ಮೂರು ಸೆಕೆಂಡುಗಳನ್ನು ಗುರುತು ಹಾಕಿ, ನಿಧಾನಿಸಿ, ಸುತ್ತಿಸಿ ಕೇಳಿದಾಗ ಕಾರಣ ಕೈಗೆ ಸಿಗುತ್ತದೆ: ಅಂತರ ಗಾಂಧಾರ ಬರುವುದೆಂದು ಕಿವಿ ಕಾದಿರುವಲ್ಲಿ ಶುದ್ಧ ಮಧ್ಯಮ ಬಂದು ನಿಂತಿದೆ, ಕೆಳಗಿನ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಆಗಲೇ ತಳವೂರಿದ್ದರೂ ಮೇಲಿನ ಸ್ವರ ಇಳಿಯಲು ಒಪ್ಪಿಲ್ಲ, ಕೊನೆಗೆ ಅರ್ಧ ಮಾತ್ರೆ ತಡವಾಗಿ ಗಾಂಧಾರಕ್ಕೆ ಜಾರಿದೆ. ಇನ್ನೊಂದು ಕಡೆ ನುಡಿಸಿದವರು ತಂತಿಯನ್ನು ಎಳೆದು ಸ್ವರಸ್ಥಾನಕ್ಕೆ ಕೂದಲೆಳೆಯಷ್ಟು ಕೆಳಗೇ ತಡೆದಿರುತ್ತಾರೆ. ಕೆನಡಾದ ಮಾಂಟ್ರಿಯಲ್‌ನಲ್ಲಿ ವ್ಯಾಲೊರಿ ಸಾಲಿಂಪೂರ್, ರಾಬರ್ಟ್ ಝಟೋರ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನವು, ಮೈ ನವಿರೇಳಿಸುವ ಸಂಗೀತ ಕೇಳುವಾಗ ಸುಖದ ಅನುಭವಕ್ಕೆ ಸಂಬಂಧಿಸಿದ ಡೋಪಮೈನ್ ಎಂಬ ರಾಸಾಯನಿಕ ಆ ಪರಾಕಾಷ್ಠೆಯಲ್ಲಿ ಮಾತ್ರವಲ್ಲ, ಅದಕ್ಕಾಗಿ ಕಾಯುವ ಹೊತ್ತಿನಲ್ಲೂ ಮಿದುಳಿನ ಬೇರೊಂದು ಭಾಗದಲ್ಲಿ ಹೊರಬೀಳುತ್ತದೆ ಎಂದು ತೋರಿಸಿತು. ಅದು ಕೇಳುಗರನ್ನು ಕುರಿತ ಅಧ್ಯಯನ. ನುಡಿಸುವವರ ಸ್ಥಿತಿ ಇನ್ನೂ ಒಂದು ಹೆಜ್ಜೆ ಮುಂದಿನದು, ಏಕೆಂದರೆ ಆ ಮಧ್ಯಮವನ್ನು ಎಷ್ಟು ಹೊತ್ತು ಹಿಡಿದಿಡಬೇಕು, ಯಾವಾಗ ಬಿಡಬೇಕು ಎಂಬುದು ಈಗ ಅವರ ಬೆರಳಿನಲ್ಲೇ ಇದೆ. ಹೀಗೆ ಬಿಡಿಸಿ ನೋಡಿದರೆ ಹಾಡಿನ ಮೋಹ ಹೋಗಿಬಿಡುತ್ತದೆ ಎಂದು ಹೇಳುವವರಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಕಾರಣ ತಿಳಿದ ಮೇಲೂ ಪೂರ್ಣ ವೇಗದಲ್ಲಿ ಆ ತಿರುವು ಬಂದಾಗ ಎದೆ ಮತ್ತೆ ಬಿಗಿಯುತ್ತದೆ.

ಇನ್ನು ನಂಬಬಾರದ ಭಾಗ. ತಂತ್ರಾಂಶವು ಸ್ವರಗಳನ್ನೂ ಕಾರ್ಡನ್ನೂ ಊಹಿಸಿ ಹೇಳುತ್ತದೆ. ಆದರೆ ಚೆನ್ನಾಗಿ ಶ್ರುತಿ ಮಾಡಿದ ತಂಬೂರಿಯಲ್ಲಿ ಯಾರೂ ಮೀಟದ ಸ್ವಯಂಭು ಗಾಂಧಾರ ಕೇಳಿಬರುವುದನ್ನು ಬಲ್ಲವರು ಇಲ್ಲಿನ ತೊಂದರೆಯನ್ನು ಕೂಡಲೇ ಊಹಿಸಬಲ್ಲರು. ಯಾವ ತಂತಿಯೇ ಆಗಲಿ, ತನ್ನ ಮೂಲ ಸ್ವರದೊಂದಿಗೆ ಅದರ ಮೂರು ಪಟ್ಟು ಕಂಪನದ ಪಂಚಮವನ್ನೂ ಐದು ಪಟ್ಟು ಕಂಪನದ ಅಂತರ ಗಾಂಧಾರವನ್ನೂ ಮೇಲಿನ ಸ್ಥಾಯಿಗಳಲ್ಲಿ ಹೊಮ್ಮಿಸುತ್ತದೆ. ಷಡ್ಜ ಪಂಚಮಗಳನ್ನು ಮಾತ್ರ ಹಿಡಿದ ಪವರ್ ಕಾರ್ಡಿನಲ್ಲೂ ಪರದೆಯ ಮೇಲೆ ಗಾಂಧಾರದ ಉಬ್ಬು ಏಳುತ್ತದೆ, ಊಹೆ ಅಂತರ ಗಾಂಧಾರವಿರುವ ಮೇಜರ್ ಕಾರ್ಡ್ ಎಂದು ಬರಬಹುದು. ಸಾಧಾರಣ ಗಾಂಧಾರವಿರುವ ಮೈನರ್ ಕಾರ್ಡಿನಲ್ಲಿ ಎರಡೂ ಗಾಂಧಾರಗಳು ಅಕ್ಕಪಕ್ಕ ಕಾಣಿಸಿಕೊಳ್ಳುತ್ತವೆ. ಹಾಡಿನ ಭಾವವೆಲ್ಲ ಈ ಎರಡು ಗಾಂಧಾರಗಳ ಆಯ್ಕೆಯಲ್ಲೇ ನಿಂತಿರುವಾಗ ಆ ತೀರ್ಮಾನವನ್ನು ಪರದೆಗೆ ಒಪ್ಪಿಸುವುದು ಸರಿಯಲ್ಲ. ಸ್ವರವನ್ನು ಮೊದಲು ಗುನುಗಿ, ಬೆರಳಿನಲ್ಲಿ ಹುಡುಕಿ, ಆಮೇಲೆ ಪರದೆಯ ಕಡೆ ನೋಡುವ ಕ್ರಮವನ್ನು ಇಟ್ಟುಕೊಳ್ಳಬೇಕು.

ಯಾವ ತಂತಿಯ ಮೇಲೆ ನುಡಿಸಿದ್ದು ಎಂಬುದನ್ನೂ ಈ ಗೆರೆಗಳು ಹೇಳಲಾರವು. ತೀರ ತೆಳುವಾದ ಮೊದಲನೆಯ ತಂತಿಯನ್ನು ಬಿಡಿಯಾಗಿ ಮೀಟಿದಾಗ ಬರುವ 330 ಹರ್ಟ್ಸ್‌ನ ಸ್ವರವೇ ಎರಡನೆಯ ತಂತಿಯ 5ನೇ ಫ್ರೆಟ್ (ಗಿಟಾರಿನ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ), ಮೂರನೆಯದರ 9ನೇ ಫ್ರೆಟ್, ನಾಲ್ಕನೆಯದರ 14ನೇ ಫ್ರೆಟ್‌ನಲ್ಲೂ ಸಿಗುತ್ತದೆ. ಬಿಡಿ ತಂತಿಯ ನಾದ ಹೊಳಪಿನದು, ನಾಲ್ಕನೆಯ ತಂತಿಯ ಎತ್ತರದಲ್ಲಿ ಅದೇ ಸ್ವರ ದಪ್ಪಗೆ, ಮುಸುಕಾಗಿ ಬರುತ್ತದೆ. ಈ ಬಣ್ಣದ ವ್ಯತ್ಯಾಸವನ್ನು ಗುರುತಿಸುವುದು ಕಿವಿ ಮಾತ್ರ, ಮತ್ತು ಅದನ್ನು ಗುರುತಿಸುವಷ್ಟು ಬಿಡುವನ್ನು ನಿಧಾನಗತಿ ಒದಗಿಸುತ್ತದೆ.

ಎಡ ಬಲಗಳ ನಡುವೆ ಕೇಳಿಬರುವ ಗಾಯನವನ್ನು ಅಳಿಸುವ ಕರೋಕೆ ಸೌಲಭ್ಯವೂ ಇದೆ. ಅದು ಎಡ ಬಲ ವಾಹಿನಿಗಳಲ್ಲಿ ಒಂದನ್ನು ಇನ್ನೊಂದರಿಂದ ಕಳೆಯುವ ವಿಧಾನವಾದ್ದರಿಂದ, ಎರಡೂ ಕಡೆ ಒಂದೇ ಧ್ವನಿಯಿರುವ ಮೋನೊ ಮುದ್ರಣದ ಹಳೆಯ ಕನ್ನಡ ಚಿತ್ರಗೀತೆಗಳಲ್ಲಿ ಗಾಯನದೊಂದಿಗೆ ಗಿಟಾರೂ ಮಾಯವಾಗುತ್ತದೆ. ಅಲ್ಲಿ ಕಂಪನಗಳ ಬೇರೆ ಬೇರೆ ಪಟ್ಟಿಗಳನ್ನು ಏರಿಸಿ ಇಳಿಸುವ ಈಕ್ವಲೈಸರ್ ಬಳಸಿ ಕೆಳಗಿನ ಕಂಪನಗಳನ್ನು ಎತ್ತಿ ಕೇಳುವುದು ಒಂದು ದಾರಿ.

ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಇದು ಓಡುತ್ತದೆ. ಹೊರನೋಟ ಹಳೆಯ ಕಾಲದ್ದು, ಕೀಲಿಗಳನ್ನು ಕಲಿಯಲು ಸ್ವಲ್ಪ ತಾಳ್ಮೆ ಬೇಕು. ಆದರೆ ಎರಡೂ ಕೈ ಗಿಟಾರಿನ ಮೇಲಿರುವಾಗ ಕಾಲಿನ ಪೆಡಲಿನಿಂದ ಹಾಡನ್ನು ನಿಲ್ಲಿಸಿ ಹಿಂದಕ್ಕೆ ತರುವ ಅನುಕೂಲ ಒಂದೇ ಆ ತಾಳ್ಮೆಗೆ ತಕ್ಕ ಪ್ರತಿಫಲ ಕೊಡುತ್ತದೆ. ಕೇಳುವ ಆ್ಯಪ್‌ಗಳೊಳಗೆ ಬೀಗ ಹಾಕಿಟ್ಟ ಹಾಡುಗಳನ್ನು ತೆರೆಯಲಾಗದು, ಸಿಡಿ ಅಥವಾ ಕೊಂಡ ಕಡತ ಬೇಕು. ಉಚಿತವಾದ ಅಡಾಸಿಟಿಯಲ್ಲೂ ವೇಗ ತಗ್ಗಿಸಬಹುದು, ಆದರೆ ಅದು ಧ್ವನಿ ಸಂಪಾದನೆಗೆಂದು ಮಾಡಿದ್ದು. ಸಂಜೆಯೊಳಗೆ ಹಾಡಿನ ಕಾರ್ಡುಗಳು ಕಾಗದದ ಮೇಲೆ ಬೇಕೆನ್ನುವವರಿಗೆ ಟ್ರಾನ್ಸ್‌ಕ್ರೈಬ್! ಹೇಳಿ ಮಾಡಿಸಿದ್ದಲ್ಲ. ಉಳಿದವರು 30 ದಿನಗಳ ಉಚಿತ ಅವಧಿಯಲ್ಲಿ, ತಮಗೆ ಬಾಯಿಪಾಠವಾಗಿರುವ ಒಂದು ಹಾಡಿನ ಒಂದೇ ಒಂದು ಗಿಟಾರ್ ಸಾಲನ್ನು ಆರಿಸಿಕೊಂಡು ಇದನ್ನು ಪರೀಕ್ಷಿಸಿ ನೋಡಬಹುದು.